ವೋಲ್ವೊ: ಒಂದು ಹೆಸರಿನ ಚರಿತ್ರೆ

ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ರಾತ್ರಿಯ ಹೊತ್ತು ಬೆಂಗಳೂರಿಗೆ ಹೊರಡುವವರ ಮಾತಿಗೆ ಕಿವಿಗೊಟ್ಟವರಿಗೆ ಒಂದು ಸಂಗತಿ ಹೊಳೆಯದೆ ಇರದು. ಕೊಳಗಲ್ಲಿನಿಂದ ಬಂದವರಾಗಲಿ, ಕುರುಗೋಡು ಸಿರುಗುಪ್ಪಗಳಿಂದ ಬಂದವರಾಗಲಿ, ಹವಾನಿಯಂತ್ರಿತ ಬಸ್ಸು ಉಂಟೇ ಎಂದು ಕೇಳುವುದಿಲ್ಲ, ‘ವೋಲ್ವೊ ಐತೇನ್ರೀ?’ ಎಂದು ಕೇಳುತ್ತಾರೆ. ಬಂದು ನಿಂತ ಗಾಡಿ ಬೇರೆ ಯಾವುದೋ ಕಂಪೆನಿ ಮಾಡಿದ್ದಾಗಿದ್ದರೂ ಅದು ಅವರ ಬಾಯಲ್ಲಿ ವೋಲ್ವೊ ಆಗಿಬಿಡುತ್ತದೆ. ವನಸ್ಪತಿಯೆಲ್ಲ ಡಾಲ್ಡಾ ಆದಂತೆ, ನೆರಳಚ್ಚು ಪ್ರತಿಯೆಲ್ಲ ಜೆರಾಕ್ಸ್ ಆದಂತೆ, ಮೆತ್ತನೆಯ ಆಸನದ, ತಣ್ಣನೆಯ ಗಾಳಿಯ, ಕುಲುಕದೆ ಓಡುವ ದೊಡ್ಡ ಬಸ್ಸೆಲ್ಲ ಕನ್ನಡದಲ್ಲಿ ವೋಲ್ವೊ ಆಗಿದೆ. ಅಂಕಿತನಾಮವು ರೂಢನಾಮವಾಗುವುದು ಎಂದರೆ ಇದೇ. ವ್ಯಾಕರಣದಲ್ಲಿ ಇದು ಒಂದು ಸಾಲಿನ ವಿಷಯ; ವ್ಯಾಪಾರದಲ್ಲಿ ಇದು ಎಪ್ಪತ್ತು ಎಂಬತ್ತು ವರ್ಷಗಳ ಸಾಧನೆ.

ಈ ಹೆಸರಿಗೆ ಇಷ್ಟು ಬೆಲೆ ಬಂದುದು ಹೇಗೆ? ಹೆಸರಿನ ಮೇಲೆ ಜನ ಇಟ್ಟ ನಂಬಿಕೆಗೆ ಅದು ಎಷ್ಟರಮಟ್ಟಿಗೆ ಅರ್ಹವಾಗಿದೆ? ರಾತ್ರಿಯೆಲ್ಲ ಕಣ್ಣು ಮುಚ್ಚಿ ಅದರ ಹೊಟ್ಟೆಯಲ್ಲಿ ಮಲಗುವ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅನುಚಿತವೇನೂ ಅಲ್ಲ.

ವೋಲ್ವೊ ಎಂಬುದು ಲ್ಯಾಟಿನ್ ಭಾಷೆಯ ಕ್ರಿಯಾಪದ. ‘ನಾನು ಉರುಳುತ್ತೇನೆ’ ಎಂದು ಅದರ ಅರ್ಥ. ಆದರೆ ಈ ಹೆಸರು ಮೊದಲು ಹುಟ್ಟಿದುದು ಮೋಟಾರು ಗಾಡಿಗಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗ್ ಪಟ್ಟಣದಲ್ಲಿ ಬೇರಿಂಗುಗಳನ್ನು ತಯಾರಿಸುತ್ತಿದ್ದ ಎಸ್‌.ಕೆ.ಎಫ್. ಎಂಬ ದೊಡ್ಡ ಸಂಸ್ಥೆ 1915 ರಲ್ಲಿ ತನ್ನ ಸರಕಿಗಾಗಿ ಈ ಹೆಸರನ್ನು ನೋಂದಾಯಿಸಿ ಇಟ್ಟುಕೊಂಡಿತ್ತು. ಉರುಳುವ ಗುಂಡುಗಳಿಗೆ ಅದು ತಕ್ಕ ಹೆಸರೇ. ಅದೇ ಸಂಸ್ಥೆಯ ಮಾರಾಟ ವಿಭಾಗವನ್ನು ನೋಡಿಕೊಳ್ಳುತ್ತಿದ್ದವನು ಅಸಾರ್ ಗೇಬ್ರಿಯೆಲ್ಸನ್. ಅವನ ಗೆಳೆಯ, ಹಿಂದೆ ಅಲ್ಲಿಯೇ ಕೆಲಸ ಮಾಡಿದ್ದ ಯಂತ್ರಶಿಲ್ಪಿ ಗುಸ್ತಾಫ್ ಲಾರ್ಸನ್. ಒಬ್ಬನು ಲೆಕ್ಕ ಬಲ್ಲವನು, ಇನ್ನೊಬ್ಬನು ಲೋಹ ಬಲ್ಲವನು. 1924 ರಲ್ಲಿ ಈ ಇಬ್ಬರೂ ಸೇರಿ ಸ್ವೀಡನ್ನಿನಲ್ಲಿಯೇ ಕಾರು ಮಾಡಬೇಕೆಂಬ ಮಾತು ತೆಗೆದರು. ಅಮೆರಿಕದ ಕಾರುಗಳು ಅಗ್ಗವಾಗಿ ಬಂದು ಬೀಳುತ್ತಿದ್ದ ಕಾಲವದು. ಆದರೆ ಆ ಗಾಡಿಗಳು ಉತ್ತರದೇಶದ ಚಳಿಗೂ ಕೆಟ್ಟ ರಸ್ತೆಗೂ ಹೇಳಿಮಾಡಿಸಿದವಲ್ಲ. ಒಳ್ಳೆಯ ಉಕ್ಕು ನಮ್ಮಲ್ಲಿಯೇ ಇದೆ, ಒಳ್ಳೆಯ ಕುಶಲಕರ್ಮಿಗಳು ನಮ್ಮಲ್ಲಿಯೇ ಇದ್ದಾರೆ, ಗಾಡಿಯನ್ನು ಮಾತ್ರ ಪರದೇಶದಿಂದ ತರಿಸುವುದೇಕೆ ಎಂಬುದು ಅವರ ವಾದ.

ಎಸ್‌.ಕೆ.ಎಫ್. ಕೂಡಲೇ ಹಣ ಕೊಡಲಿಲ್ಲ. ಗೇಬ್ರಿಯೆಲ್ಸನ್ ತನ್ನ ಸ್ವಂತ ಹಣ ಹಾಕಿ ಮಾದರಿಗಾಗಿ ಹತ್ತು ಕಾರುಗಳನ್ನು ಮಾಡಿಸಿದ ಮೇಲೆಯೇ, 1926 ರಲ್ಲಿ, ಸಂಸ್ಥೆ ಬೆಂಬಲಕ್ಕೆ ಬಂದಿತು. 1927 ರ ಏಪ್ರಿಲ್ 14 ರಂದು ಮೊದಲ ವೋಲ್ವೊ ಕಾರು ಕಾರಖಾನೆಯ ಬಾಗಿಲಿನಿಂದ ಹೊರಗೆ ಬಂದಿತು. ಅದರ ಹಿಂದಿನ ಚಕ್ರಗಳ ಹಲ್ಲುಗಾಲಿಯನ್ನು ತಿರುಗುಮುರುಗಾಗಿ ಜೋಡಿಸಿದ್ದರಿಂದ, ಮೊದಲ ಸಲ ಚಾಲೂ ಮಾಡಿದಾಗ ಮುಂದೆ ಹೋಗಬೇಕಾದ ಗಾಡಿ ಹಿಂದಕ್ಕೆ ಹೋಯಿತೆಂದು ಕಾರಖಾನೆಯವರೇ ಮುಂದೆ ನಗುತ್ತ ಹೇಳಿಕೊಳ್ಳುತ್ತಿದ್ದರು. ಆ ಕಾರಿಗೆ 28 ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಇಂಜಿನು. ಮರದ ಹಂದರದ ಮೇಲೆ ಉಕ್ಕಿನ ತಗಡು ಹೊದಿಸಿದ ಮೈ. ಅದರ ಬೆಲೆ 4,800 ಕ್ರೋನರ್. ಹಿಮ ಬೀಳುವ ದೇಶದಲ್ಲಿ ಮೇಲ್ಛಾವಣಿ ತೆರೆದ ಗಾಡಿಯನ್ನು ಕೊಳ್ಳುವ ಉತ್ಸಾಹ ಯಾರಿಗೆ ತಾನೇ ಇದ್ದೀತು? ಮೊದಲ ವರ್ಷ ಮಾರಾಟವಾದ ಕಾರುಗಳು ಮುನ್ನೂರನ್ನೂ ಮುಟ್ಟಲಿಲ್ಲ. ಕಂಪೆನಿಯ ಮಾನ ಉಳಿಸಿದುದು 1928 ರಲ್ಲಿ ಹೊರಬಂದ ಲಾರಿ. ಶ್ರೀಮಂತರ ಮನೆಯ ಮುಂದೆ ನಿಲ್ಲುವ ಕಾರಿಗಿಂತ ಮೊದಲು, ಮರ, ಕಲ್ಲು ಹೊರುವ ಲಾರಿಯಿಂದಲೇ ವೋಲ್ವೊ ಅನ್ನ ಕಂಡುಕೊಂಡಿತೆಂಬುದನ್ನು ಮರೆಯಬಾರದು.

ಆ ಮೊದಲ ಕಾರಿನ ಮೂತಿಯ ಮೇಲಿದ್ದ ಗುರುತು ಬಳ್ಳಾರಿಯ ಜನರಿಗೆ ಸ್ವಾರಸ್ಯವೆನಿಸಬೇಕು. ಒಂದು ವೃತ್ತ, ಅದರ ಬಲ ಮೇಲ್ಗಡೆಯಿಂದ ಹೊರಟ ಒಂದು ಬಾಣ. ಯೂರೋಪಿನ ಹಳೆಯ ರಸವಾದಿಗಳು ಕಬ್ಬಿಣವನ್ನು ಸೂಚಿಸಲು ಬಳಸುತ್ತಿದ್ದ ಚಿಹ್ನೆ ಇದು. ಮಂಗಳಗ್ರಹದ ಚಿಹ್ನೆಯೂ ಇದೇ. ನಮ್ಮ ಕಬ್ಬಿಣ ಒಳ್ಳೆಯದು, ಆದುದರಿಂದ ನಮ್ಮ ಗಾಡಿ ಗಟ್ಟಿ ಎಂದು ಆ ಗುರುತು ಸಾರುತ್ತದೆ. ಅದನ್ನು ಗಾಡಿಯ ಮುಂದೆ ಕೂರಿಸಲು ಅಡ್ಡಲಾಗಿ ಹಾಕಿದ ಓರೆಪಟ್ಟಿಯೇ ಇಂದಿಗೂ ವೋಲ್ವೊ ಮುಖದ ಲಕ್ಷಣವಾಗಿ ಉಳಿದಿದೆ. ನಮ್ಮಲ್ಲಿ ಮಂಗಳನಿಗೆ ಕುಮಾರಸ್ವಾಮಿಯನ್ನು ಅಧಿದೇವತೆಯೆಂದು ಹೇಳುವ ಸಂಪ್ರದಾಯವುಂಟು. ಆ ಕುಮಾರಸ್ವಾಮಿಯ ಗುಡಿ ಇರುವುದು ಸಂಡೂರಿನ ಬೆಟ್ಟದಲ್ಲಿ, ಕಬ್ಬಿಣದ ಅದಿರಿನ ನಡುವೆಯೇ. ಸ್ವೀಡನ್ನಿನವರು ತಮ್ಮ ಕಬ್ಬಿಣಕ್ಕೆ ಒಂದು ಹೆಸರು ಕಟ್ಟಿದರು. ನಾವು ಬಹುಕಾಲ ನಮ್ಮ ಕಬ್ಬಿಣವನ್ನು ಮಣ್ಣಿನ ರೂಪದಲ್ಲಿಯೇ ಲಾರಿಗೆ ತುಂಬಿ ಕಳಿಸಿದೆವು. ತೋರಣಗಲ್ಲಿನ ಉಕ್ಕಿನ ಕಾರಖಾನೆ ಬಂದ ಮೇಲೆ ಈ ಮಾತು ಪೂರ್ತಿ ನಿಜವಲ್ಲವಾದರೂ, ವ್ಯತ್ಯಾಸವನ್ನು ಯೋಚಿಸುವುದರಲ್ಲಿ ಲಾಭವಿದೆ.

ಗಟ್ಟಿತನದ ಹೆಸರು ಒಂದು. ಸುರಕ್ಷೆಯ ಹೆಸರು ಇನ್ನೊಂದು. ಎರಡನೆಯದು ಬಂದುದು ನಿಧಾನವಾಗಿ. ಗಾಡಿಗಳನ್ನು ಓಡಿಸುವವರು ಮನುಷ್ಯರು, ಆದುದರಿಂದ ಮಾಡುವ ಕೆಲಸಕ್ಕೆಲ್ಲ ಸುರಕ್ಷೆಯೇ ತಳಹದಿಯಾಗಬೇಕು ಎಂಬ ಅಭಿಪ್ರಾಯವನ್ನು ಸ್ಥಾಪಕರಿಬ್ಬರೂ ಮೊದಲಿನಿಂದ ಹೇಳುತ್ತ ಬಂದಿದ್ದರು. ಹೇಳುವುದು ಸುಲಭ. ಯುದ್ಧ ಮುಗಿಯುವ ಮುನ್ನ, 1944 ರಲ್ಲಿ, ಸ್ಟಾಕ್‌ಹೋಮಿನಲ್ಲಿ ಪ್ರದರ್ಶಿಸಿದ ಪಿ.ವಿ. 444 ಎಂಬ ಸಣ್ಣ ಕಾರಿನ ಮುಂಗಾಜಿಗೆ ಎರಡು ಪದರಗಳ ನಡುವೆ ಅಂಟು ಹಾಳೆ ಇಟ್ಟು ಬೆಸೆದಿದ್ದರು. ಒಡೆದರೂ ಚೂರುಗಳು ಮುಖಕ್ಕೆ ಸಿಡಿಯುತ್ತಿರಲಿಲ್ಲ. ಇದು ಮಾತು ಕೃತಿಗಿಳಿದುದರ ಮೊದಲ ಗುರುತು.

ನಿಜವಾದ ತಿರುವು ಬಂದುದು ನಿಲ್ಸ್ ಬೋಲಿನ್ ಎಂಬ ಯಂತ್ರಶಿಲ್ಪಿಯಿಂದ. ಈತ ಮೊದಲು ಸಾಬ್ ಕಂಪೆನಿಯಲ್ಲಿ ಯುದ್ಧವಿಮಾನಗಳ ಕೆಲಸ ಮಾಡುತ್ತಿದ್ದ. ಅಪಾಯದ ಗಳಿಗೆಯಲ್ಲಿ ವೈಮಾನಿಕನನ್ನು ಆಸನಸಮೇತ ಹೊರಕ್ಕೆ ಚಿಮ್ಮಿಸುವ ಏರ್ಪಾಡು ಅವನ ವಿಷಯ. 1958 ರಲ್ಲಿ ವೋಲ್ವೊ ಅವನನ್ನು ಕರೆತಂದಿತು. ಆ ಕಾಲದ ಕೆಲವು ಕಾರುಗಳಲ್ಲಿ ಪಟ್ಟಿ ಇತ್ತು. ಆದರೆ ಅದು ಹೊಟ್ಟೆಯ ಮೇಲೆ ಕಟ್ಟುವ ಒಂದೇ ಪಟ್ಟಿ. ಡಿಕ್ಕಿಯಾದಾಗ ಮೈಯ ಮೇಲ್ಭಾಗ ಮುಂದಕ್ಕೆ ಮಡಚಿ ಬೀಳುತ್ತಿತ್ತು. ಪಟ್ಟಿಯ ಕೊಂಡಿ ಹೊಟ್ಟೆಯೊಳಗಿನ ಮೃದು ಅಂಗಗಳನ್ನು ಹಿಸುಕುತ್ತಿತ್ತು. ವಿಮಾನದಲ್ಲಿ ಬಳಸುವ ನಾಲ್ಕೈದು ಪಟ್ಟಿಗಳ ಜಾಲವನ್ನು ಕಾರಿಗೆ ತರೋಣವೆಂದರೆ, ಪೇಟೆಗೆ ತರಕಾರಿ ತರಲು ಹೊರಟವನು ಅದನ್ನು ಕಟ್ಟಿಕೊಳ್ಳುತ್ತಾನೆಯೇ? ವೈಮಾನಿಕನಿಗೆ ಸಾವಿನ ಭಯ ಎದುರಿಗೇ ಇರುತ್ತದೆ. ಕಾರಿನವನಿಗೆ ಅದು ನೆನಪೇ ಇರುವುದಿಲ್ಲ.

ಬೋಲಿನ್ ಕಂಡುಕೊಂಡ ಉಪಾಯ ಸರಳ. ಸೊಂಟದ ಮೇಲೆ ಒಂದು ಪಟ್ಟಿ, ಭುಜದಿಂದ ಎದೆಯ ಮೇಲೆ ಓರೆಯಾಗಿ ಇನ್ನೊಂದು. ಎರಡೂ ಸೇರುವುದು ಸೊಂಟದ ಪಕ್ಕದಲ್ಲಿ, ಕೆಳಗೆ. ಹೊಡೆತದ ಬಲವನ್ನು ಎಲುಬಿನ ಗಟ್ಟಿ ಭಾಗಗಳಾದ ಸೊಂಟ, ಪಕ್ಕೆಲುಬುಗಳೇ ತಡೆದುಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು, ಒಂದೇ ಕೈಯಲ್ಲಿ ಒಂದೇ ಗಳಿಗೆಯಲ್ಲಿ ಸಿಕ್ಕಿಸಬಹುದು. 1959 ರ ಆಗಸ್ಟಿನಲ್ಲಿ ಈ ಮೂರು ಬಿಂದುಗಳ ಪಟ್ಟಿಯನ್ನು ಅಳವಡಿಸಿದ ಮೊದಲ ಕಾರು ಸ್ವೀಡನ್ನಿನ ಒಬ್ಬ ವ್ಯಾಪಾರಿಯ ಕೈಸೇರಿತು. ಇದಕ್ಕೆ ಪೇಟೆಂಟು ದೊರೆಯಿತು. ಆದರೆ ವೋಲ್ವೊ ಆ ಹಕ್ಕನ್ನು ಬಿಗಿಹಿಡಿಯಲಿಲ್ಲ. ಜಗತ್ತಿನ ಯಾವ ಕಂಪೆನಿ ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿತು. ಇಂದು ನಮ್ಮ ಊರಿನ ಯಾವ ಸಣ್ಣ ಕಾರಿನಲ್ಲಿ ಕುಳಿತರೂ ಭುಜದ ಮೇಲಿಂದ ಎಳೆದುಕೊಳ್ಳುವುದು ಬೋಲಿನ್ನನ ಪಟ್ಟಿಯನ್ನೇ. ಪೇಟೆಂಟಿನಿಂದ ಬರಬಹುದಾಗಿದ್ದ ಹಣ ಎಷ್ಟೋ. ಅದನ್ನು ಬಿಟ್ಟುದರಿಂದ ಬಂದ ಹೆಸರು ಅದಕ್ಕಿಂತ ದೊಡ್ಡದು.

ಆದರೂ ಜನ ಅದನ್ನು ಕೂಡಲೇ ಒಪ್ಪಿದರೆಂದು ತಿಳಿಯಬಾರದು. ಕಟ್ಟಿಕೊಂಡರೆ ಬೆಂಕಿ ಬಿದ್ದಾಗ ಹೊರಗೆ ಬರಲಾಗುವುದಿಲ್ಲ ಎಂದು ಅಲ್ಲಿಯೂ ವಾದಿಸಿದರು. ಬೋಲಿನ್ 1967 ರಲ್ಲಿ ಸ್ವೀಡನ್ನಿನ 28,000 ಅಪಘಾತಗಳ ವಿವರವನ್ನು ಮುಂದಿಟ್ಟು ಉತ್ತರ ಕೊಟ್ಟ. ಪಟ್ಟಿ ಕಟ್ಟಿಕೊಳ್ಳಲೇಬೇಕೆಂಬ ಕಾನೂನನ್ನು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ 1970 ರಲ್ಲಿ ಮಾಡಿತು. ನಮ್ಮಲ್ಲಿ ಕಟ್ಟಿಕೊಳ್ಳದವರಿಗೆ 2019 ರ ತಿದ್ದುಪಡಿಯಿಂದ ಸಾವಿರ ರೂಪಾಯಿ ದಂಡ ಉಂಟು. ಆದರೂ ಮುಂದಿನವರು ಪೊಲೀಸರನ್ನು ಕಂಡಾಗ ಕಟ್ಟಿಕೊಳ್ಳುತ್ತಾರೆ, ಹಿಂದಿನವರು ಕಟ್ಟಿಕೊಳ್ಳುವುದೇ ಇಲ್ಲ. 2022 ರ ಸೆಪ್ಟೆಂಬರ್ 4 ರಂದು ಉದ್ಯಮಿ ಸೈರಸ್ ಮಿಸ್ತ್ರಿ ಒಂದು ಉತ್ತಮ ಕಾರಿನ ಹಿಂದಿನ ಆಸನದಲ್ಲಿ ಪಟ್ಟಿಯಿಲ್ಲದೆ ಕುಳಿತು ಅಪಘಾತದಲ್ಲಿ ತೀರಿಕೊಂಡಾಗ ದೇಶವೆಲ್ಲ ಕೆಲವು ದಿನ ಈ ವಿಷಯ ಮಾತಾಡಿತು. ಆ ಒಂದು ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ.

ಹೆಸರು ಬಂದ ಮೇಲೆ ಅದನ್ನು ಮಾರುವ ಆಸೆಯೂ ಬರುತ್ತದೆ. 1990 ರಲ್ಲಿ ಅಮೆರಿಕದಲ್ಲಿ ವೋಲ್ವೊ ಒಂದು ಜಾಹೀರಾತು ಹೊರಡಿಸಿತು. ರಾಕ್ಷಸಾಕಾರದ ಚಕ್ರಗಳ ಲಾರಿಯೊಂದು ಸಾಲಾಗಿ ನಿಲ್ಲಿಸಿದ ಕಾರುಗಳ ಮೇಲೆ ಹತ್ತಿ ಹೋಗುತ್ತದೆ. ಉಳಿದ ಕಾರುಗಳೆಲ್ಲ ಅಪ್ಪಚ್ಚಿಯಾಗುತ್ತವೆ. ವೋಲ್ವೊ ಮಾತ್ರ ನೆಟ್ಟಗೆ ನಿಲ್ಲುತ್ತದೆ. ನೋಡಿದವರು ಬೆರಗಾದರು. ಆಮೇಲೆ ಟೆಕ್ಸಾಸ್ ರಾಜ್ಯದ ಸರಕಾರಿ ವಕೀಲರ ತನಿಖೆಯಿಂದ ಒಳಗುಟ್ಟು ಹೊರಬಿದ್ದಿತು: ಚಿತ್ರೀಕರಣಕ್ಕಾಗಿ ವೋಲ್ವೊ ಕಾರಿನ ಛಾವಣಿಗೆ ಒಳಗಿನಿಂದ ಆಧಾರ ಕೊಟ್ಟಿದ್ದರು, ಇತರ ಕಾರುಗಳ ಕಂಬಗಳನ್ನು ಕುಯ್ದು ದುರ್ಬಲ ಮಾಡಿದ್ದರು! ಕಂಪೆನಿ ತಪ್ಪೊಪ್ಪಿಗೆಯ ಪ್ರಕಟಣೆ ಹೊರಡಿಸಿ ತನಿಖೆಯ ಖರ್ಚನ್ನು ತೆರಬೇಕಾಯಿತು. ಜಾಹೀರಾತು ಮಾಡಿದ ಸಂಸ್ಥೆ ಆ ಗಿರಾಕಿಯನ್ನು ಕಳೆದುಕೊಂಡಿತು. ಇಲ್ಲಿ ನಗುವಂಥದೇನೆಂದರೆ, ವೋಲ್ವೊ ನಿಜವಾಗಿಯೂ ಗಟ್ಟಿಯಾದ ಕಾರೇ. 1974 ರಿಂದ 1993 ರ ವರೆಗೆ ಮಾಡಿದ 240 ಎಂಬ ಪೆಟ್ಟಿಗೆಯಾಕಾರದ ಕಾರು ಸುಮಾರು 28 ಲಕ್ಷ ಮಾರಾಟವಾಗಿ, ದಶಕಗಟ್ಟಲೆ ಬಾಳಿಕೆ ಬಂದಿತು. ಸತ್ಯವೇ ಸಾಕಾಗಿದ್ದ ಕಡೆ ಸುಳ್ಳನ್ನು ಬೆರೆಸಿದರೆ ಸತ್ಯವೂ ಸಂಶಯಕ್ಕೆ ಗುರಿಯಾಗುತ್ತದೆ.

ಇನ್ನು ಮನೆ ಪಾಲಾದ ಕಥೆ. 1999 ರಲ್ಲಿ ವೋಲ್ವೊ ತನ್ನ ಕಾರು ವಿಭಾಗವನ್ನು ಅಮೆರಿಕದ ಫೋರ್ಡ್ ಕಂಪೆನಿಗೆ 645 ಕೋಟಿ ಡಾಲರಿಗೆ ಮಾರಿತು. ಹನ್ನೊಂದು ವರ್ಷ ಇಟ್ಟುಕೊಂಡ ಫೋರ್ಡ್, 2010 ರಲ್ಲಿ ಅದನ್ನು ಚೀನದ ಗೀಲಿ ಕಂಪೆನಿಗೆ ಕೊಟ್ಟುದು ಅದಕ್ಕಿಂತ ಬಹಳ ಕಡಿಮೆ ಬೆಲೆಗೆ. ಲಾರಿ, ಬಸ್ಸುಗಳನ್ನು ಮಾಡುವ ಮೂಲ ಸಂಸ್ಥೆ ಸ್ವೀಡನ್ನಿನಲ್ಲಿಯೇ ಬೇರೆಯಾಗಿ ಉಳಿಯಿತು. ಅಣ್ಣತಮ್ಮಂದಿರು ಹಿಸ್ಸೆಯಾದ ಮೇಲೂ ಇಬ್ಬರ ಬಾಗಿಲ ಮೇಲೂ ಒಂದೇ ಮನೆತನದ ಹೆಸರು ಇರುವಂತೆ, ಕಾರಿನ ಮೇಲೂ ಬಸ್ಸಿನ ಮೇಲೂ ಅದೇ ವೋಲ್ವೊ, ಅದೇ ಬಾಣದ ಗುರುತು. ಒಬ್ಬನ ಪುಣ್ಯ ಇನ್ನೊಬ್ಬನಿಗೂ ಸಲ್ಲುತ್ತದೆ. ಒಬ್ಬನ ಕಳಂಕವೂ ಅಷ್ಟೆ.

ಕರ್ನಾಟಕಕ್ಕೆ ಬಂದವನು ಲಾರಿಯ ತಮ್ಮ. ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿ 1998 ರಲ್ಲಿ ವೋಲ್ವೊ ಲಾರಿಯ ಕಾರಖಾನೆ ಆರಂಭವಾಯಿತು. 2001 ರಲ್ಲಿ ಬಸ್ಸು ಬಂದಿತು. ಅದಕ್ಕೆ ಮೊದಲು ನಮ್ಮ ಬಸ್ಸುಗಳೆಂದರೆ ಬಹುಮಟ್ಟಿಗೆ ಲಾರಿಯ ಅಡಿಗಟ್ಟಿನ ಮೇಲೆ ಕೂರಿಸಿದ ತಗಡಿನ ಪೆಟ್ಟಿಗೆಗಳು. ಇಂಜಿನು ಚಾಲಕನ ಪಕ್ಕದಲ್ಲಿ. ಅದರ ಬಿಸಿ, ಸದ್ದು, ಹೊಗೆ ಎಲ್ಲವೂ ಅವನ ಪಾಲಿಗೆ. ಹೊಸ ಬಸ್ಸಿನಲ್ಲಿ ಇಂಜಿನು ಹಿಂದಕ್ಕೆ ಹೋಯಿತು. ಪಟ್ಟಿ ಸ್ಪ್ರಿಂಗುಗಳ ಬದಲು ಗಾಳಿ ತುಂಬಿದ ಚೀಲಗಳು ಕುಲುಕನ್ನು ನುಂಗಿದವು. ಆಸನಗಳ ಕೆಳಗೆ ಸಾಮಾನಿಗೆ ವಿಶಾಲವಾದ ಜಾಗ ದೊರೆಯಿತು. ಬೆಲೆ ಹಳೆಯ ಬಸ್ಸುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಇಷ್ಟು ಹಣ ಕೊಟ್ಟು ನಮ್ಮ ಜನ ಟಿಕೆಟ್ಟು ಕೊಂಡಾರೆಯೇ ಎಂದು ತಲೆಯಾಡಿಸಿದವರಿದ್ದರು. ಜನ ಕೊಂಡರು. ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಅದಕ್ಕೆ ‘ಐರಾವತ’ವೆಂದು ನಾಮಕರಣ ಮಾಡಿತು. ಬೆಂಗಳೂರು ನಗರದ ಒಳಗೆ 2006 ರಲ್ಲಿ ಓಡತೊಡಗಿದ ವೋಲ್ವೊ ‘ವಜ್ರ’ವಾಯಿತು, 2008 ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗ ‘ವಾಯುವಜ್ರ’ವೂ ಬಂದಿತು. ಇಂದ್ರನ ಆನೆ, ಇಂದ್ರನ ಆಯುಧ ಎರಡೂ ಸಾರಿಗೆ ಇಲಾಖೆಯ ಪಾಲಾದವು. ಅಣ್ಣನಾದ ಕಾರು ಹೊಸಕೋಟೆಯಲ್ಲಿ ಜೋಡಣೆಗೊಳ್ಳತೊಡಗಿದುದು 2017 ರಲ್ಲಿ. ಆ ಹೊತ್ತಿಗೆ ವೋಲ್ವೊ ಎಂದರೆ ಕನ್ನಡಿಗನಿಗೆ ಬಸ್ಸೇ ಆಗಿಹೋಗಿತ್ತು.

ಇಲ್ಲಿಯವರೆಗೆ ಹೆಸರು ಏರಿದ ಕಥೆ. 2013 ರ ಅಕ್ಟೋಬರ್ 30 ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಖಾಸಗಿ ವೋಲ್ವೊ ಬಸ್ಸೊಂದು ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಸೇತುವೆಯ ಗೋಡೆಗೆ ಉಜ್ಜಿತು. ಡೀಸೆಲ್ ಟ್ಯಾಂಕು ಒಡೆದು ಬೆಂಕಿ ಹತ್ತಿತು. 45 ಮಂದಿ ಸುಟ್ಟು ಸತ್ತರು. ಹದಿನೈದು ದಿನಗಳ ಮೇಲೆ, ನವೆಂಬರ್ 14 ರಂದು, ಹಾವೇರಿ ಜಿಲ್ಲೆಯ ಕುಣಿಮೆಳ್ಳಿಹಳ್ಳಿಯ ಬಳಿ ಇನ್ನೊಂದು ವೋಲ್ವೊ ಹೊತ್ತಿ ಉರಿದು ಏಳು ಮಂದಿ ಪ್ರಾಣ ಬಿಟ್ಟರು. ಜಗತ್ತಿಗೆ ಸುರಕ್ಷೆಯ ಪಾಠ ಹೇಳಿದ ಹೆಸರಿನ ಗಾಡಿಯೊಳಗೆ ಇದು ನಡೆಯಿತೆಂಬುದು ಜನರನ್ನು ದಿಗ್ಭ್ರಮೆಗೊಳಿಸಿತು.

ಆಗ ಎದ್ದ ಪ್ರಶ್ನೆಗಳು ಇಂದಿಗೂ ಹಳತಾಗಿಲ್ಲ. ಡೀಸೆಲ್ ಟ್ಯಾಂಕನ್ನು ಇಡಬೇಕಾದುದು ಎಲ್ಲಿ? ಅದಕ್ಕೆ ಎಷ್ಟು ರಕ್ಷಣೆ ಬೇಕು? ಬಾಗಿಲು ಸಿಕ್ಕಿಕೊಂಡರೆ ನಿದ್ದೆಗಣ್ಣಿನ ಪ್ರಯಾಣಿಕನು ಹೊರಬರುವುದು ಯಾವ ದಾರಿಯಲ್ಲಿ? ತೆರೆಯದ ಗಾಜಿನ ಕಿಟಕಿ ಗಾಳಿಯನ್ನು ತಣ್ಣಗಿಡುತ್ತದೆ, ನಿಜ. ಬೆಂಕಿಯ ಹೊತ್ತಿನಲ್ಲಿ ಅದೇ ಗೋಡೆಯಾಗುತ್ತದೆ. ಒಡೆಯುವ ಸುತ್ತಿಗೆ ಎಲ್ಲಿದೆಯೆಂದು ಯಾರಾದರೂ ಹೇಳಿದ್ದರೇ? ರಾತ್ರಿಯೆಲ್ಲ ಒಬ್ಬನೇ ಚಾಲಕನು ಓಡಿಸಿದರೆ ಬೆಳಗಿನ ಜಾವ ಅವನ ಕಣ್ಣು ಎಷ್ಟು ಎಚ್ಚರವಾಗಿರುತ್ತದೆ? ಕುಲುಕದ ಗಾಡಿಯಲ್ಲಿ ವೇಗ ಗೊತ್ತಾಗುವುದಿಲ್ಲ. ಗೊತ್ತಾಗದ ವೇಗ ಚಾಲಕನನ್ನೂ ಮೋಸಗೊಳಿಸುತ್ತದೆ. ಒಂದು ದೊಡ್ಡ ಅಪಘಾತದಲ್ಲಿ ಗಾಡಿಯನ್ನು ರೂಪಿಸಿದವನು, ಓಡಿಸಿದವನು, ಓಡಿಸಿ ಹಣ ಮಾಡಿದವನು, ಸೇತುವೆ ಕಟ್ಟಿದವನು, ಪರವಾನಗಿ ಕೊಟ್ಟವನು ಎಲ್ಲರೂ ಪಾಲುದಾರರು. ಆದರೆ ಪ್ರಯಾಣಿಕನು ಟಿಕೆಟ್ಟು ಕೊಳ್ಳುವಾಗ ಓದಿದುದು ಒಂದೇ ಹೆಸರನ್ನು. ಆದುದರಿಂದ ನಂಬಿಕೆಯ ಭಾರವೆಲ್ಲ ಆ ಹೆಸರಿನ ಮೇಲೆಯೇ ಬೀಳುತ್ತದೆ. ಅದು ಅನ್ಯಾಯವೆಂದು ಹೇಳಲಾಗದು.

ಹೆಸರಿನ ದುರುಪಯೋಗ ಇನ್ನೊಂದಿದೆ. ಬೋಲಿನ್ನನ ಕೆಲಸದ ಸಾರವೇನು? ಡಿಕ್ಕಿ ಆಗಿಯೇ ಆಗುತ್ತದೆಂದು ಮೊದಲು ಒಪ್ಪಿಕೊಂಡು, ಆ ಗಳಿಗೆಯಲ್ಲಿ ಮನುಷ್ಯನ ಮೈ ಏನಾಗುತ್ತದೆಂದು ಯೋಚಿಸುವುದು. ನಮ್ಮಲ್ಲಿ ವೋಲ್ವೊ ಎಂದರೆ ಸುಖ ಎಂದಾಯಿತು: ತಣ್ಣನೆಯ ಗಾಳಿ, ಕಂಬಳಿ, ನೀರಿನ ಬಾಟಲಿ. ಸುಖವನ್ನು ನೋಡಿ ಸುರಕ್ಷೆ ಇದೆಯೆಂದು ಊಹಿಸಿಕೊಂಡೆವು. ಇವೆರಡೂ ಬೇರೆ ಬೇರೆ. ಸುಖ ದಿನವೂ ಕಣ್ಣಿಗೆ ಕಾಣುತ್ತದೆ. ಸುರಕ್ಷೆ ಕಾಣುವುದು ಒಂದು ದಿನ ಮಾತ್ರ, ಆ ದಿನ ಅದು ಇರಬೇಕು.

ಪಾಠ ಸ್ವಲ್ಪ ಕಲಿತಂತಿದೆ. 2023 ರಲ್ಲಿ ಸಾರಿಗೆ ನಿಗಮವು ‘ಅಂಬಾರಿ ಉತ್ಸವ’ವೆಂಬ ಮಲಗುವ ವೋಲ್ವೊ ಬಸ್ಸುಗಳನ್ನು ತಂದಿತು. 2024 ರಲ್ಲಿ ಬಂದ ಹೊಸ ಐರಾವತಗಳಲ್ಲಿ ಬೆಂಕಿಯನ್ನು ಗುರುತಿಸಿ ಎಚ್ಚರಿಸುವ, ಒಳಗೆ ನೀರು ಸಿಂಪಡಿಸುವ ಏರ್ಪಾಡನ್ನು ಸೇರಿಸಿದರು. ಬಳ್ಳಾರಿಯ ಕಡೆ ಬಸ್ಸು ಓಡಿಸುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು ತನ್ನ ಹೊಸ ವೋಲ್ವೊಗಳನ್ನು ‘ಕಲ್ಯಾಣ ರಥ’ವೆಂದಿತು, ಅವುಗಳ ಜೊತೆಗೆ ತಂದ, ಹವಾನಿಯಂತ್ರಣವಿಲ್ಲದ ಮಲಗುವ ಬಸ್ಸಿಗೆ ‘ಅಮೋಘವರ್ಷ’ವೆಂದು ಹೆಸರಿಟ್ಟಿತು.

ಅಮೋಘವರ್ಷನ ಹೆಸರು ಬಂದುದರಿಂದ ಕೊಳಗಲ್ಲಿಗೆ ಹಿಂದಿರುಗುವುದು ಸಹಜ. ಆ ಊರು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಕ್ರಿ.ಶ. 967 ರ ಒಂದು ಶಿಲಾಶಾಸನದಿಂದ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತೀರಿಕೊಂಡು, ಅವನ ತಮ್ಮ ಖೊಟ್ಟಿಗನು ಪಟ್ಟವೇರಿದ ಕಾಲವನ್ನು ಅದು ತಿಳಿಸುತ್ತದೆ. ದಕ್ಷಿಣದಲ್ಲಿ ರಾಮೇಶ್ವರದವರೆಗೆ ಕೃಷ್ಣನ ಹೆಸರು ಮೊಳಗಿತ್ತು. ಬಿರುದುಗಳೆಲ್ಲ ಖೊಟ್ಟಿಗನಿಗೆ ಹಾಗೆಯೇ ಬಂದವು. ಆದರೆ ಐದು ವರ್ಷಗಳಲ್ಲಿ, 972 ರಲ್ಲಿ, ಮಾಳವದ ಪರಮಾರ ಸೀಯಕನು ಮಾನ್ಯಖೇಟಕ್ಕೆ ನುಗ್ಗಿ ರಾಜಧಾನಿಯನ್ನು ಕೊಳ್ಳೆ ಹೊಡೆದ. ಮರುವರ್ಷ ಚಾಲುಕ್ಯ ತೈಲಪನ ಕೈಯಲ್ಲಿ ಆ ಸಾಮ್ರಾಜ್ಯವೇ ಮುಗಿಯಿತು. ಹಿಂದಿನವರು ಗಳಿಸಿದ ಕೀರ್ತಿ ಕೋಟೆಯ ಬಾಗಿಲನ್ನು ಕಾಯಲಿಲ್ಲ.

ರಾಜರಿಗೆ ಅನ್ವಯಿಸುವುದು ಯಂತ್ರಗಳಿಗೂ ಅನ್ವಯಿಸುತ್ತದೆ. ಹೆಸರೆಂಬುದು ಹಿಂದೆ ಮಾಡಿದ ಒಳ್ಳೆಯ ಕೆಲಸದ ನೆನಪು; ಮುಂದಿನ ರಾತ್ರಿಯ ಜಾಮೀನು ಅಲ್ಲ. ಗೋಥೆನ್‌ಬರ್ಗಿನಲ್ಲಿ 1959 ರಲ್ಲಿ ಗಳಿಸಿದುದನ್ನು ಹೊಸಕೋಟೆಯಲ್ಲಿ, ಬಳ್ಳಾರಿಯ ಡಿಪೋದಲ್ಲಿ, ಚಾಲಕನ ಆಸನದಲ್ಲಿ ದಿನವೂ ಮತ್ತೆ ಗಳಿಸಬೇಕು. ನಮ್ಮ ಪಾಲಿನ ಕೆಲಸವೂ ಸ್ವಲ್ಪ ಇದೆ. ವೋಲ್ವೊ ಇದೆಯೇ ಎಂದು ಕೇಳಿದ ಮೇಲೆ, ತುರ್ತು ಬಾಗಿಲು ಎಲ್ಲಿದೆ, ಚಾಲಕರು ಎಷ್ಟು ಮಂದಿ ಎಂದೂ ಕೇಳೋಣ. ಆಸನಕ್ಕೆ ಪಟ್ಟಿ ಇದ್ದರೆ ಸಿಕ್ಕಿಸಿಕೊಳ್ಳೋಣ. ಅದಕ್ಕೆ ಒಂದು ಕೈ, ಒಂದು ಗಳಿಗೆ ಸಾಕು. ಹಾಗೆ ಆಗಲೆಂದೇ ಬೋಲಿನ್ ಅದನ್ನು ಮಾಡಿದ್ದು.